ಜಲಾವೃತ ನೆಲಮಾಳಿಗೆಗಳ ಪುನಃಸ್ಥಾಪನೆ

ಜಲಾವೃತ ನೆಲಮಾಳಿಗೆಗಳ ಪುನಃಸ್ಥಾಪನೆ ಎಂದರೆ ಮಳೆ, ನದಿಯ ನೆರೆ, ಸಮುದ್ರದ ಉಬ್ಬರ, ಅಂತರ್ಜಲದ ಏರಿಕೆ ಅಥವಾ ಚರಂಡಿಯ ಹಿಮ್ಮುಖ ಹರಿವಿನಿಂದ ನೀರು ತುಂಬಿದ ನೆಲಮಾಳಿಗೆಗಳನ್ನೂ ನೆಲದಡಿಯ ಜಾಗಗಳನ್ನೂ ಬರಿದುಮಾಡಿ, ಶುಚಿಗೊಳಿಸಿ, ಒಣಗಿಸಿ, ಮತ್ತೆ ಬಳಕೆಗೆ ಯೋಗ್ಯವಾಗಿಸುವ ಕೆಲಸಗಳ ಸರಣಿ. ನೀರನ್ನು ಹೊರಹಾಕುವುದು ಈ ಸರಣಿಯ ಆರಂಭದ ಹಂತ ಮಾತ್ರ. ಗೋಡೆ, ನೆಲ ಮತ್ತು ಮರಮುಟ್ಟುಗಳ ಒಳಗೆ ಉಳಿದ ತೇವವನ್ನು ತೆಗೆಯುವುದು ಹೆಚ್ಚು ಕಾಲ ಹಿಡಿಯುವ, ಹೆಚ್ಚು ಕಡೆಗಣಿಸಲ್ಪಡುವ ಹಂತ.

ಭಾರತದ ಪಶ್ಚಿಮ ಕರಾವಳಿಯಂತಹ ಆರ್ದ್ರ ಪ್ರದೇಶಗಳಲ್ಲಿ ಈ ಕೆಲಸ ಒಣ ಪ್ರದೇಶಗಳಿಗಿಂತ ಭಿನ್ನವಾಗಿರುತ್ತದೆ. ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುವುದರಿಂದ ಕಿಟಕಿ ಬಾಗಿಲು ತೆರೆದಿಟ್ಟರೆ ಒಳಗು ಒಣಗುತ್ತದೆ ಎಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ಬಹುಮಟ್ಟಿಗೆ ಫಲಿಸುವುದಿಲ್ಲ. ಅಂತರ್ಜಲ ನೆಲಮಟ್ಟಕ್ಕೆ ಹತ್ತಿರವಿರುವುದರಿಂದ ಆತುರದಲ್ಲಿ ನೀರೆತ್ತುವುದು ಕಟ್ಟಡಕ್ಕೇ ಅಪಾಯ ತರಬಹುದು. ನೆರೆನೀರಿನೊಂದಿಗೆ ಬಂದ ಉಪ್ಪು ಗೋಡೆಗಳನ್ನು ವರ್ಷಗಳ ಕಾಲ ತೇವವಾಗಿಡಬಲ್ಲದು.

## ಪರಿಭಾಷೆ ಮತ್ತು ವ್ಯಾಪ್ತಿ

ಸುತ್ತಲಿನ ನೆಲಮಟ್ಟಕ್ಕಿಂತ ಪೂರ್ಣವಾಗಿ ಅಥವಾ ಭಾಗಶಃ ಕೆಳಗಿರುವ ಅಂತಸ್ತನ್ನು ನೆಲಮಾಳಿಗೆ ಎನ್ನುತ್ತಾರೆ. ಭಾರತದ ನಗರಗಳಲ್ಲಿ ಇದು ಹೆಚ್ಚಾಗಿ ವಾಹನ ನಿಲುಗಡೆ, ಗೋದಾಮು, ನೀರಿನ ತೊಟ್ಟಿ, ಪಂಪು, ಜನರೇಟರ್ ಮತ್ತು ವಿದ್ಯುತ್ ಫಲಕಗಳಿಗೆ ಬಳಕೆಯಾಗುತ್ತದೆ. ಮರದ ತೊಲೆಗಳ ಮೇಲೆ ನಿಂತ ಮನೆಗಳಲ್ಲಿ ಮಣ್ಣಿಗೂ ನೆಲಹಲಗೆಗೂ ನಡುವೆ ಬಿಡುವ ತಗ್ಗಾದ ಟೊಳ್ಳು ಜಾಗವನ್ನು ನೆಲದಡಿ ಜಾಗ ಎಂದೂ, ಕಾಣುವ ನೆಲಹಾಸಿನ ಕೆಳಗಿರುವ ಹಲಗೆ, ಗಾರೆ ಅಥವಾ ಕಾಂಕ್ರೀಟಿನ ಪದರವನ್ನು ಅಡಿನೆಲ ಎಂದೂ ಕರೆಯಬಹುದು.

ಕರ್ನಾಟಕದ ಕರಾವಳಿ ಮತ್ತು ಕೇರಳದ ಸಾಂಪ್ರದಾಯಿಕ ಮನೆಗಳಲ್ಲಿ ನೆಲಮಾಳಿಗೆ ಅಪರೂಪ. ಎತ್ತರದ ಪಂಚಾಂಗ, ಮುಂದೆ ಚಾಚಿದ ಇಳಿಜಾರು ಹೆಂಚಿನ ಮಾಡು, ಸುತ್ತಲಿನ ಜಗಲಿ ಇವು ನೀರನ್ನು ನೆಲದಿಂದ ದೂರವಿಡುವ ಏರ್ಪಾಡುಗಳಾಗಿದ್ದವು. ನಿವೇಶನಗಳ ಬೆಲೆ ಏರಿ, ಬಹುಮಹಡಿ ಕಟ್ಟಡಗಳು ಮತ್ತು ವಾಹನಗಳ ಸಂಖ್ಯೆ ಹೆಚ್ಚಿದಂತೆ ಮಂಗಳೂರು, ಉಡುಪಿ, ಕೊಚ್ಚಿಯಂತಹ ನಗರಗಳಲ್ಲಿ ನೆಲಮಾಳಿಗೆಗಳು ಸಾಮಾನ್ಯವಾದವು.

## ಆರ್ದ್ರ ಕರಾವಳಿಯ ವಿಶೇಷತೆಗಳು

### ಮಳೆ ಮತ್ತು ಅಂತರ್ಜಲ

ಕರ್ನಾಟಕದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿಯುತ್ತದೆ. ಮಳೆಗಾಲದ ನಡುವೆ ಅಂತರ್ಜಲ ಮೇಲೇರಿ, ತಗ್ಗು ಪ್ರದೇಶಗಳ ತೆರೆದ ಬಾವಿಗಳು ಬಹುತೇಕ ತುಂಬಿಕೊಳ್ಳುತ್ತವೆ. ಅಂತಹ ಸಮಯದಲ್ಲಿ ನೆಲಮಾಳಿಗೆಯು ತೇವದ ಮಣ್ಣಿನಲ್ಲಿ ಹೂತಿಟ್ಟ ಖಾಲಿ ತೊಟ್ಟಿಯಂತೆ ಇರುತ್ತದೆ. ನದೀಮುಖಗಳ ಸಮೀಪದಲ್ಲಿ ಉಬ್ಬರದ ಸಮಯಕ್ಕೆ ಚರಂಡಿಗಳ ಹೊರಹರಿವು ತಡೆಯಲ್ಪಟ್ಟು ನೀರು ಹಿಂದಕ್ಕೆ ತಳ್ಳಲ್ಪಡುತ್ತದೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದೇ ಅಳಿವೆಯಲ್ಲಿ ಸಮುದ್ರ ಸೇರುವ ಮಂಗಳೂರು ಇಂತಹ ಭೂರಚನೆಗೆ ಒಂದು ನಿದರ್ಶನ.

### ಗಾಳಿಯ ತೇವಾಂಶ

ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿಯ ಪ್ರಮಾಣ ಉಷ್ಣತೆಯನ್ನು ಅವಲಂಬಿಸಿದೆ. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ. 90 ಸಾಪೇಕ್ಷ ಆರ್ದ್ರತೆಯಿರುವ ಮಳೆಗಾಲದ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 23 ಗ್ರಾಂ ನೀರಾವಿ ಇರುತ್ತದೆ. 25 ಡಿಗ್ರಿ ಉಷ್ಣತೆಯ ನೆಲಮಾಳಿಗೆಯ ಗಾಳಿ ಪೂರ್ತಿ ಸಂತೃಪ್ತವಾದಾಗ ಹಿಡಿಯುವುದೂ ಸುಮಾರು 23 ಗ್ರಾಂ ಮಾತ್ರ. ಆದ್ದರಿಂದ ಇಂತಹ ದಿನಗಳಲ್ಲಿ ಹೊರಗಾಳಿಯನ್ನು ಎಷ್ಟೇ ಒಳಗೆ ಹಾಯಿಸಿದರೂ ತೇವ ಹೊರಹೋಗುವುದಿಲ್ಲ.

ಗಾಳಿಯು ತಣ್ಣನೆಯ ಮೇಲ್ಮೈಯನ್ನು ತಾಕಿ ನೀರಾಗಿ ಇಳಿಯತೊಡಗುವ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು. 30 ಡಿಗ್ರಿ ಉಷ್ಣತೆ ಮತ್ತು ಶೇ. 85 ಆರ್ದ್ರತೆಯ ಗಾಳಿಯ ಇಬ್ಬನಿ ಬಿಂದು ಸುಮಾರು 27 ಡಿಗ್ರಿ. ನೆಲಮಾಳಿಗೆಯ ಗೋಡೆ ಅದಕ್ಕಿಂತ ತಣ್ಣಗಿದ್ದರೆ ಒಳಬಂದ ಗಾಳಿಯೇ ಗೋಡೆಯ ಮೇಲೆ ಹನಿಗಟ್ಟುತ್ತದೆ. ನೆರೆ ಬಾರದ ನೆಲಮಾಳಿಗೆಗಳ ಗೋಡೆಯೂ ಮಳೆಗಾಲದಲ್ಲಿ ಬೆವರುವುದಕ್ಕೆ ಇದೇ ಕಾರಣ.

### ಕಟ್ಟಡ ಸಾಮಗ್ರಿ

ಪಶ್ಚಿಮ ಕರಾವಳಿಯಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಮುರಕಲ್ಲು ರಂಧ್ರಮಯವಾದ ಕಲ್ಲು. ಅದು ನೀರನ್ನು ಬೇಗ ಹೀರಿ ನಿಧಾನವಾಗಿ ಬಿಡುತ್ತದೆ. ಇಟ್ಟಿಗೆ, ಗಾರೆ ಮತ್ತು ಕಾಂಕ್ರೀಟಿನ ಸೂಕ್ಷ್ಮ ನಾಳಗಳೂ ನೀರನ್ನು ಮೇಲಕ್ಕೆಳೆಯುತ್ತವೆ. ಹೀಗಾಗಿ ಗೋಡೆಯ ಮೇಲಿನ ತೇವದ ಗುರುತು ನೀರು ನಿಂತ ಮಟ್ಟಕ್ಕಿಂತ ಮೇಲೆ ಕಾಣಿಸಿಕೊಳ್ಳುವುದು ಸಾಮಾನ್ಯ.

## ನೀರಿನ ವರ್ಗೀಕರಣ

ನೀರುಹಾನಿಯ ಪುನಃಸ್ಥಾಪನೆಗೆ ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಐಐಸಿಆರ್‌ಸಿ ಸಂಸ್ಥೆಯ ಎಸ್500 ಮಾನದಂಡವು ನೀರನ್ನು ಮಾಲಿನ್ಯದ ಆಧಾರದ ಮೇಲೆ ಮೂರು ವರ್ಗಗಳಾಗಿ ವಿಂಗಡಿಸುತ್ತದೆ.

* ಮೊದಲ ವರ್ಗ: ಒಡೆದ ಕೊಳವೆ ಅಥವಾ ತುಂಬಿ ಹರಿದ ತೊಟ್ಟಿಯಿಂದ ಬಂದ ಶುದ್ಧ ನೀರು.
* ಎರಡನೆಯ ವರ್ಗ: ಬಟ್ಟೆ ಒಗೆಯುವ ಯಂತ್ರ ಮುಂತಾದವುಗಳಿಂದ ಹೊರಬಂದ, ಗಣನೀಯ ಪ್ರಮಾಣದ ಕಲ್ಮಶವಿರುವ ನೀರು.
* ಮೂರನೆಯ ವರ್ಗ: ಒಳಚರಂಡಿಯ ನೀರು, ಉಕ್ಕಿದ ನದಿಯ ನೀರು, ಸಮುದ್ರದ ನೀರು ಮುಂತಾದ ತೀವ್ರ ಕಲುಷಿತ ನೀರು.

ಕರಾವಳಿಯ ನೆರೆನೀರು ಬಹುತೇಕ ಮೂರನೆಯ ವರ್ಗಕ್ಕೆ ಸೇರುತ್ತದೆ. ಮೊದಲ ವರ್ಗದ ನೀರು ಸಹ ನಿಂತಲ್ಲೇ ನಿಂತು, ಕೊಳೆಯೊಡನೆ ಬೆರೆತು ಕೆಳಗಿನ ವರ್ಗಕ್ಕೆ ಇಳಿಯುತ್ತದೆ. ಯಾವ ವಸ್ತುವನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಎಸೆಯಬೇಕು ಎಂಬ ತೀರ್ಮಾನಕ್ಕೆ ಈ ವಿಂಗಡಣೆಯೇ ಆಧಾರ.

## ಪ್ರವೇಶಕ್ಕೆ ಮುನ್ನ

ನೆಲಮಾಳಿಗೆಗೆ ಸಂಬಂಧಿಸಿದ ಸಾವುಗಳು ನೀರು ಏರುವಾಗ ಮಾತ್ರವಲ್ಲದೆ ನೀರು ತೆಗೆಯುವಾಗಲೂ ಸಂಭವಿಸುತ್ತವೆ. ಮುಖ್ಯ ಅಪಾಯಗಳು ಇವು:

* ವಿದ್ಯುತ್ ಆಘಾತ: ಮೀಟರ್ ಫಲಕ, ಪಂಪು ಅಥವಾ ವಯರಿಂಗ್ ನೀರಿನಲ್ಲಿ ಮುಳುಗಿದ್ದರೆ ಇಡೀ ನೀರು ವಿದ್ಯುತ್ಪ್ರವಾಹವಿರುವ ಸ್ಥಳವಾಗಿರಬಹುದು. ಸಂಪರ್ಕವನ್ನು ನೆಲಮಾಳಿಗೆಯ ಹೊರಗಿನಿಂದಲೇ ಕಡಿತಗೊಳಿಸಬೇಕು. ಅದು ಸಾಧ್ಯವಿಲ್ಲದಿದ್ದರೆ ವಿದ್ಯುತ್ ಸರಬರಾಜು ಕಂಪನಿಯ ಸಿಬ್ಬಂದಿ ಬರುವವರೆಗೆ ನೀರಿಗೆ ಇಳಿಯಬಾರದು. ಸ್ವಯಂಚಾಲಿತ ಜನರೇಟರ್ ಮತ್ತು ಇನ್ವರ್ಟರ್‌ಗಳನ್ನೂ ಬೇರ್ಪಡಿಸಬೇಕು.
* ವಿಷಾನಿಲ: ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಒಳಗಿಟ್ಟು ಚಲಾಯಿಸಿದರೆ ಬಣ್ಣ, ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಸಾವು ಉಂಟಾಗಬಹುದು. ಇಂಜಿನ್ ಹೊರಗಿದ್ದು ಕೊಳವೆ ಮಾತ್ರ ಒಳಗಿಳಿಯಬೇಕು. ಒಳಚರಂಡಿಯ ನೀರಿನಿಂದ ಹೈಡ್ರೋಜನ್ ಸಲ್ಫೈಡ್ ಹೊಮ್ಮುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಹೆಚ್ಚಿನ ಸಾಂದ್ರತೆಯಲ್ಲಿ ಮೂಗಿನ ಗ್ರಹಣಶಕ್ತಿಯನ್ನೇ ಮರಗಟ್ಟಿಸುವುದರಿಂದ ವಾಸನೆ ನಿಂತಿತೆಂಬುದು ಸುರಕ್ಷತೆಯ ಸೂಚನೆಯಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ತಗ್ಗಿನಲ್ಲಿ ಶೇಖರವಾಗುತ್ತದೆ.
* ಸೋಂಕು: ಇಲಿಗಳ ಮೂತ್ರದಿಂದ ಕಲುಷಿತವಾದ ನೀರಿನ ಮೂಲಕ ಇಲಿಜ್ವರ ಹರಡುತ್ತದೆ. 2018ರ ಕೇರಳದ ನೆರೆಯ ಬಳಿಕ ಮನೆಗಳನ್ನು ಶುಚಿಗೊಳಿಸುವ ಕಾಲದಲ್ಲಿ ಈ ರೋಗ ಉಲ್ಬಣಿಸಿತು. ಆರೋಗ್ಯ ಇಲಾಖೆ ಶುಚೀಕರಣದಲ್ಲಿ ತೊಡಗಿದವರಿಗೆ ಮುಂಜಾಗ್ರತೆಯಾಗಿ ಡಾಕ್ಸಿಸೈಕ್ಲಿನ್ ವಿತರಿಸಿತು. ಗಂಬೂಟು, ರಬ್ಬರ್ ಕೈಗವಸು ಧರಿಸುವುದು, ಗಾಯಗಳನ್ನು ಮುಚ್ಚಿಕೊಳ್ಳುವುದು, ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣುವುದು ಅಗತ್ಯ.
* ವಿದ್ಯುತ್ ವಾಹನಗಳು: ಉಪ್ಪುನೀರಿನಲ್ಲಿ ಮುಳುಗಿದ ಲಿಥಿಯಂ ಬ್ಯಾಟರಿಗಳು ದಿನಗಳು ಅಥವಾ ವಾರಗಳ ಬಳಿಕವೂ ಹೊತ್ತಿಕೊಳ್ಳಬಹುದು. 2022ರಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಅಪ್ಪಳಿಸಿದ ಇಯಾನ್ ಚಂಡಮಾರುತದ ನಂತರ ಇಂತಹ ಬೆಂಕಿ ಪ್ರಕರಣಗಳು ವರದಿಯಾದವು. ಅಂತಹ ವಾಹನಗಳನ್ನು ಕಟ್ಟಡಗಳಿಂದ ಸುಮಾರು 15 ಮೀಟರ್ ದೂರದ ಬಯಲಿನಲ್ಲಿ ನಿಲ್ಲಿಸಬೇಕೆಂಬುದು ಅಲ್ಲಿನ ಸುರಕ್ಷತಾ ಸಲಹೆ.

ಏನನ್ನೂ ಕದಲಿಸುವ ಮುನ್ನ ನೀರಿನ ಮಟ್ಟ ಮತ್ತು ಹಾನಿಯ ಛಾಯಾಚಿತ್ರಗಳನ್ನು ತೆಗೆದಿಡುವುದು ವಿಮಾ ಪರಿಹಾರಕ್ಕೆ ನೆರವಾಗುತ್ತದೆ. ಭಾರತದಲ್ಲಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯ ವ್ಯಾಪ್ತಿಯಲ್ಲಿ ನೆರೆ ಮತ್ತು ಜಲಾವೃತಿಯೂ ಸೇರಿವೆ.

## ನೀರು ಹೊರಹಾಕುವಿಕೆ

### ನಿಧಾನವಾಗಿ ಏಕೆ

ನೆಲಮಾಳಿಗೆ ತುಂಬಿರುವಾಗ ಒಳಗಿನ ನೀರು ಮತ್ತು ಹೊರಗಿನ ಸಂತೃಪ್ತ ಮಣ್ಣಿನ ನೀರು ಗೋಡೆಯನ್ನು ಎರಡೂ ಕಡೆಯಿಂದ ಒತ್ತಿ ಸಮತೋಲ ಕಾಪಾಡುತ್ತವೆ. ಒಳಗಿನ ನೀರನ್ನು ಒಮ್ಮೆಲೇ ತೆಗೆದರೆ ಹೊರಗಿನ ಒತ್ತಡ ಮಾತ್ರ ಉಳಿಯುತ್ತದೆ. ಹೊರಗಡೆ 2 ಮೀಟರ್ ಆಳದ ನೀರಿದ್ದರೆ, ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಬೀಳುವ ಬಲ ಸುಮಾರು 2 ಟನ್ ಭಾರಕ್ಕೆ ಸಮ. ಈ ಬಲವು ಆಳದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ಆಳ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ. ಮಣ್ಣಿನ ಒತ್ತಡ ಇದರ ಮೇಲೆ ಸೇರುತ್ತದೆ. ಕಂಬಿಯಿಲ್ಲದ ಇಟ್ಟಿಗೆ ಅಥವಾ ಮುರಕಲ್ಲಿನ ಗೋಡೆ ಪಕ್ಕದಿಂದ ಬರುವ ಇಂತಹ ಬಲವನ್ನು ತಾಳಿಕೊಳ್ಳಲಾರದೆ ಒಳಕ್ಕೆ ಬಾಗಬಹುದು ಅಥವಾ ಕುಸಿಯಬಹುದು.

ನೆಲಕ್ಕೂ ಇದೇ ಅಪಾಯವಿದೆ. 150 ಮಿ.ಮೀ. ದಪ್ಪದ ಕಾಂಕ್ರೀಟ್ ಹಾಸಿನ ತೂಕ ಪ್ರತಿ ಚದರ ಮೀಟರಿಗೆ ಸುಮಾರು 375 ಕಿಲೋಗ್ರಾಂ. ಕೆಳಗಿನ ಅಂತರ್ಜಲ ಈ ಹಾಸಿನ ತಳದಿಂದ 1 ಮೀಟರ್ ಮೇಲಿನ ಮಟ್ಟದಲ್ಲಿದ್ದರೆ ಅದು 1,000 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಮೇಲಕ್ಕೆ ತಳ್ಳುತ್ತದೆ. ಆ ಒತ್ತಡಕ್ಕೆಂದು ವಿನ್ಯಾಸಗೊಳಿಸದ ನೆಲ ಉಬ್ಬಿ ಬಿರುಕು ಬಿಡುತ್ತದೆ.

### ವಿಧಾನ

ಅಮೆರಿಕದ ಫೆಡರಲ್ ತುರ್ತುಸ್ಥಿತಿ ನಿರ್ವಹಣಾ ಸಂಸ್ಥೆ ಮತ್ತು ರೆಡ್‌ಕ್ರಾಸ್ ಜಂಟಿಯಾಗಿ ಪ್ರಕಟಿಸಿದ ಕೈಪಿಡಿ ಹಂತಹಂತದ ವಿಧಾನವನ್ನು ಸೂಚಿಸುತ್ತದೆ. ಅದರಂತೆ ಸುತ್ತಲಿನ ನೆರೆ ಇಳಿದ ಮೇಲೆಯೇ ಪಂಪು ಆರಂಭಿಸಬೇಕು. ಮೊದಲು ಸುಮಾರು 1 ಅಡಿ ನೀರು ತೆಗೆದು, ಗೋಡೆಯ ಮೇಲೆ ಗುರುತು ಹಾಕಿ, ಒಂದು ರಾತ್ರಿ ಕಾಯಬೇಕು. ಮರುದಿನ ನೀರು ಗುರುತಿಗಿಂತ ಮೇಲೇರಿದ್ದರೆ ಹೊರಗಿನ ಅಂತರ್ಜಲ ಇನ್ನೂ ಇಳಿದಿಲ್ಲವೆಂದು ಅರ್ಥ. ಆಗ ಪಂಪು ನಿಲ್ಲಿಸಿ ಕಾಯಬೇಕು. ಮೇಲೇರದಿದ್ದರೆ ಇನ್ನೂ 2ರಿಂದ 3 ಅಡಿ ತೆಗೆದು ಮತ್ತೆ ಗುರುತು ಹಾಕಿ ಪರೀಕ್ಷಿಸಬೇಕು.

ಕರಾವಳಿಯ ಮನೆಯಂಗಳಗಳಲ್ಲಿರುವ ತೆರೆದ ಬಾವಿ ಈ ಕೆಲಸದಲ್ಲಿ ಸಹಜ ಮಾಪಕವಾಗಿ ಒದಗುತ್ತದೆ. ಬಾವಿಯ ನೀರಿನ ಮಟ್ಟ ನೆಲಮಾಳಿಗೆಯ ತಳಕ್ಕಿಂತ ಮೇಲಿರುವವರೆಗೆ ಹೊರಗಿನ ಒತ್ತಡ ಉಳಿದಿದೆ ಎಂದು ತಿಳಿಯಬಹುದು. 150 ಚದರ ಮೀಟರ್ ವಿಸ್ತಾರದ ನೆಲಮಾಳಿಗೆಯಲ್ಲಿ 1 ಮೀಟರ್ ನೀರು ನಿಂತರೆ ಅದರ ಪ್ರಮಾಣ 1,50,000 ಲೀಟರ್. ಗಂಟೆಗೆ 10,000 ಲೀಟರ್ ಎತ್ತುವ ಪಂಪಿಗೆ ಇದು 15 ಗಂಟೆಗಳ ಕೆಲಸ. ಒಂದೇ ದಿನದಲ್ಲಿ ಬರಿದುಮಾಡುವ ಸಾಮರ್ಥ್ಯವಿದ್ದರೂ ಕೆಲಸವನ್ನು ದಿನಗಳಿಗೆ ಹಂಚುವುದು ಕಟ್ಟಡದ ಸುರಕ್ಷತೆಗಾಗಿ. ಎತ್ತಿದ ನೀರನ್ನು ಗೋಡೆಯ ಬುಡದಲ್ಲಿಯೇ ಬಿಟ್ಟರೆ ಅದು ಮತ್ತೆ ಒಳಗೆ ಜಿನುಗುತ್ತದೆ. ಅಳಿವೆಗಳ ಬಳಿ ಇಳಿತದ ಸಮಯ ನೋಡಿ ಚರಂಡಿಗೆ ಹರಿಸುವುದು ಅನುಕೂಲಕರ. ಲಿಫ್ಟಿನ ಗುಂಡಿ ಮತ್ತು ಕುಡಿಯುವ ನೀರಿನ ತೊಟ್ಟಿಗಳನ್ನು ಪ್ರತ್ಯೇಕವಾಗಿ ಬರಿದುಮಾಡಿ ತೊಳೆಯಬೇಕು.

## ಶುಚೀಕರಣ

ನೀರಿಳಿದ ಕೂಡಲೇ, ಕೆಸರು ಹಸಿಯಾಗಿರುವಾಗಲೇ ಅದನ್ನು ತೆಗೆಯುವುದು ಸುಲಭ. ಒಣಗಿದ ಕೆಸರು ಗಟ್ಟಿಯಾಗಿ ಅಂಟಿಕೊಳ್ಳುವುದಲ್ಲದೆ ಧೂಳಾಗಿ ಶ್ವಾಸಕೋಶವನ್ನು ಸೇರುತ್ತದೆ. ಮೂರನೆಯ ವರ್ಗದ ನೀರಿನಲ್ಲಿ ನೆನೆದ ಜಿಪ್ಸಂ ಹಲಗೆ, ಹಾಸಿಗೆ, ಜಮಖಾನೆ, ಒತ್ತುಹಲಗೆಯ ಪೀಠೋಪಕರಣ, ಉಷ್ಣನಿರೋಧಕ ಹಾಸುಗಳನ್ನು ಉಳಿಸಿಕೊಳ್ಳಲಾಗುವುದಿಲ್ಲ. ಕಲ್ಲು, ಕಾಂಕ್ರೀಟು, ಲೋಹ, ಗಾಜು ಮತ್ತು ಗಟ್ಟಿಮರವನ್ನು ತೊಳೆದು ಉಳಿಸಬಹುದು.

ಶುಚೀಕರಣಕ್ಕೆ ಕ್ರಮವಿದೆ. ಮೊದಲು ಕೆಸರು ತೆಗೆಯುವುದು, ಬಳಿಕ ಸಾಬೂನು ನೀರಿನಿಂದ ತಿಕ್ಕಿ ತೊಳೆಯುವುದು, ಕೊನೆಗೆ ಸೋಂಕು ನಿವಾರಕ ಬಳಸುವುದು. ಕೆಸರಿನ ಮೇಲೆಯೇ ಬ್ಲೀಚಿಂಗ್ ಪುಡಿ ಎರಚಿದರೆ ಕ್ಲೋರಿನ್ ಸಾವಯವ ಕಲ್ಮಶಗಳೊಡನೆ ವರ್ತಿಸಿ ಕ್ಷೀಣಿಸುತ್ತದೆ. ರೋಗಾಣುಗಳ ಮೇಲೆ ಅದರ ಪರಿಣಾಮ ಕಡಿಮೆಯಾಗುತ್ತದೆ. ಬ್ಲೀಚಿಂಗ್ ಪುಡಿಯನ್ನು ಆಮ್ಲ ಅಥವಾ ಅಮೋನಿಯಾ ಇರುವ ಶೌಚಾಲಯ ದ್ರಾವಣಗಳೊಂದಿಗೆ ಬೆರೆಸಿದರೆ ವಿಷಾನಿಲ ಹೊಮ್ಮುವುದರಿಂದ ಅವನ್ನು ಎಂದಿಗೂ ಒಟ್ಟಿಗೆ ಬಳಸಬಾರದು.

## ಒಣಗಿಸುವಿಕೆ

### ಬೂಷ್ಟಿನ ಗಡುವು

ತೇವದ ಮೇಲ್ಮೈಯಲ್ಲಿ ಬೂಷ್ಟು 24ರಿಂದ 48 ಗಂಟೆಗಳಲ್ಲಿ ಬೆಳೆಯತೊಡಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಕಟ್ಟಡಗಳ ತೇವ ಮತ್ತು ಬೂಷ್ಟಿಗೆ ಆಸ್ತಮಾ ಹಾಗೂ ಇತರ ಉಸಿರಾಟದ ತೊಂದರೆಗಳೊಂದಿಗೆ ಸಂಬಂಧವಿರುವುದನ್ನು ವಿವರಿಸುತ್ತದೆ. ಬೂಷ್ಟು ಕೆರೆಯುವಾಗ ಎನ್95 ಮುಖಗವಸು ಅಗತ್ಯ. ರಂಧ್ರಮಯ ವಸ್ತುಗಳ ಒಳಗೆ ಬೇರೂರಿದ ಬೂಷ್ಟನ್ನು ಬ್ಲೀಚ್ ಬಳಿದು ನಿರ್ಮೂಲ ಮಾಡಲಾಗುವುದಿಲ್ಲ. ಬಣ್ಣ ಮಾಸಿದರೂ ತೇವ ಉಳಿದಿದ್ದರೆ ಅದು ಮರಳಿ ಚಿಗುರುತ್ತದೆ.

### ತೆರೆದ ಮತ್ತು ಮುಚ್ಚಿದ ವಿಧಾನಗಳು

ಹೊರಗಾಳಿಯಲ್ಲಿನ ನೀರಾವಿಯ ಪ್ರಮಾಣ ಒಳಗಾಳಿಗಿಂತ ಕಡಿಮೆ ಇದ್ದಾಗ ಮಾತ್ರ ಬಾಗಿಲು ಕಿಟಕಿ ತೆರೆದು ಒಣಗಿಸುವುದು ಫಲಕಾರಿ. ಹೋಲಿಸಬೇಕಾದುದು ಸಾಪೇಕ್ಷ ಆರ್ದ್ರತೆಯನ್ನಲ್ಲ, ಒಂದು ಘನ ಮೀಟರ್ ಗಾಳಿಯಲ್ಲಿರುವ ನೀರಾವಿಯ ತೂಕವನ್ನು ಅಥವಾ ಇಬ್ಬನಿ ಬಿಂದುವನ್ನು. ಚಳಿಗಾಲದ ಮಧ್ಯಾಹ್ನ 32 ಡಿಗ್ರಿ ಉಷ್ಣತೆ ಮತ್ತು ಶೇ. 50 ಆರ್ದ್ರತೆಯ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 17 ಗ್ರಾಂ ನೀರಾವಿ ಇರುತ್ತದೆ. ಅದು 25 ಡಿಗ್ರಿಯ ಸಂತೃಪ್ತ ನೆಲಮಾಳಿಗೆಯಿಂದ ಘನ ಮೀಟರಿಗೆ 6 ಗ್ರಾಂನಷ್ಟು ತೇವವನ್ನು ಹೊತ್ತೊಯ್ಯಬಲ್ಲದು. ಜುಲೈ ತಿಂಗಳ ಗಾಳಿಗೆ ಈ ಸಾಮರ್ಥ್ಯವಿರುವುದಿಲ್ಲ.

ಆದ್ದರಿಂದ ಮಳೆಗಾಲದಲ್ಲಿ ಮುಚ್ಚಿದ ವಿಧಾನ ಅನುಸರಿಸುತ್ತಾರೆ. ಕೆಸರು, ಅನಿಲಗಳು ಹೊರಹೋಗುವವರೆಗೆ ಗಾಳಿಯಾಡಿಸಿ, ಬಳಿಕ ಬಾಗಿಲು, ಗವಾಕ್ಷಿಗಳನ್ನು ಮುಚ್ಚಿ ತೇವಹಾರಿ ಯಂತ್ರಗಳನ್ನು ಚಲಾಯಿಸಲಾಗುತ್ತದೆ. ಶೀತಕ ಮಾದರಿಯ ಯಂತ್ರ ಗಾಳಿಯನ್ನು ಇಬ್ಬನಿ ಬಿಂದುವಿಗಿಂತ ಕೆಳಗೆ ತಣಿಸಿ ನೀರನ್ನು ಹನಿಯಾಗಿಸುತ್ತದೆ. ಬೆಚ್ಚನೆಯ ಕರಾವಳಿಗೆ ಇದು ಹೊಂದುತ್ತದೆ. ಸಿಲಿಕಾ ಜೆಲ್‌ನಂತಹ ಹೀರುಕಗಳನ್ನು ಬಳಸುವ ಮಾದರಿ ತಣ್ಣನೆಯ ಸ್ಥಳಗಳಲ್ಲಿಯೂ ಕೆಲಸ ಮಾಡುತ್ತದೆ. ಫ್ಯಾನುಗಳು ಗೋಡೆಯ ಮೇಲ್ಮೈಯಿಂದ ತೇವವನ್ನು ಗಾಳಿಗೆ ಸೇರಿಸುತ್ತವೆ, ತೇವಹಾರಿ ಯಂತ್ರ ಅದನ್ನು ಗಾಳಿಯಿಂದ ತೆಗೆಯುತ್ತದೆ. ಎರಡರಲ್ಲಿ ಒಂದನ್ನೇ ಬಳಸಿದರೆ ಕೆಲಸ ಅರ್ಧವಾಗುತ್ತದೆ. ಯಂತ್ರಗಳಿಗೆ ಬಳಸುವ ತಾತ್ಕಾಲಿಕ ವಿದ್ಯುತ್ ಸಂಪರ್ಕಕ್ಕೆ 30 ಮಿಲಿಆಂಪಿಯರ್‌ನ ಸೋರಿಕೆ ರಕ್ಷಕ ಸ್ವಿಚ್ ಇರಬೇಕು.

ಯಂತ್ರಗಳ ಸೌಲಭ್ಯವಿಲ್ಲದ ಕಡೆ ನೆನೆದ ವಸ್ತುಗಳನ್ನೆಲ್ಲ ಹೊರಗೆ ಸಾಗಿಸಿ, ಉದುರುವ ಗಾರೆಯನ್ನು ಕೆತ್ತಿ ಗೋಡೆಯನ್ನು ಬರಿದಾಗಿಟ್ಟು, ಒಣ ಹವೆಯ ತಿಂಗಳುಗಳಿಗಾಗಿ ಕಾಯುವುದೇ ಮಾರ್ಗ. ಈ ದೃಷ್ಟಿಯಿಂದ ನೆರೆ ಬಂದ ತಿಂಗಳು ಮುಖ್ಯ. ಪಶ್ಚಿಮ ಕರಾವಳಿಯಲ್ಲಿ ಜೂನ್‌ನಲ್ಲಿ ಮುಳುಗಿದ ನೆಲಮಾಳಿಗೆಯ ಮುಂದೆ ಮೂರು ತಿಂಗಳ ತೇವದ ಹವೆ ಉಳಿದಿರುತ್ತದೆ. ಈಶಾನ್ಯ ಮಾರುತದ ಮಳೆ ಪಡೆಯುವ ಚೆನ್ನೈಯಲ್ಲಿ 2015ರ ಡಿಸೆಂಬರ್ ಆರಂಭದ ನೆರೆಯ ಬಳಿಕ ಮಳೆಯಿಲ್ಲದ ತಿಂಗಳುಗಳು ಬೇಗ ಬಂದವು.

## ಉಪ್ಪಿನ ಸಮಸ್ಯೆ

ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಗೋಡೆ ಹೀರಿದ ಉಪ್ಪುನೀರು ಆವಿಯಾದಾಗ ಲವಣ ಒಳಗೇ ಉಳಿಯುತ್ತದೆ. ಅಡುಗೆ ಉಪ್ಪಿನ ಮುಖ್ಯ ಅಂಶವಾದ ಸೋಡಿಯಂ ಕ್ಲೋರೈಡ್ ಸುಮಾರು ಶೇ. 75ಕ್ಕಿಂತ ಹೆಚ್ಚಿನ ಸಾಪೇಕ್ಷ ಆರ್ದ್ರತೆಯಲ್ಲಿ ಗಾಳಿಯ ನೀರಾವಿಯನ್ನು ಹೀರಿ ತಾನೇ ಕರಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಆರ್ದ್ರತೆ ಈ ಮಟ್ಟವನ್ನು ಮೀರಿರುವುದರಿಂದ ಉಪ್ಪು ತುಂಬಿದ ಗೋಡೆ ಮತ್ತೊಮ್ಮೆ ನೆರೆ ಬಾರದಿದ್ದರೂ ಪ್ರತಿ ಮಳೆಗಾಲದಲ್ಲಿ ತೇವಗೊಳ್ಳುತ್ತದೆ. ಬೇಸಿಗೆಯಲ್ಲಿ ಅದೇ ಉಪ್ಪು ಹರಳುಗಟ್ಟಿ, ಬಿಳಿಯ ಹುಡಿಯಾಗಿ ಹೊರಬಂದು ಗಾರೆಯನ್ನು ಉದುರಿಸುತ್ತದೆ. ಸೋರಿಕೆಯೆಂದು ತಿಳಿದು ಮತ್ತೆ ಮತ್ತೆ ಜಲನಿರೋಧಕ ಬಳಿಸುವ ಅನೇಕ ಸಂದರ್ಭಗಳಲ್ಲಿ ಮೂಲ ಕಾರಣ ಈ ಉಪ್ಪೇ ಆಗಿರಬಹುದು.

ಕಬ್ಬಿಣದ ಸಲಾಕೆಗಳಿಗೆ ಹಾನಿ ಇನ್ನೂ ಗಂಭೀರ. ಕಾಂಕ್ರೀಟಿನ ಕ್ಷಾರಗುಣ ಸಲಾಕೆಯ ಮೇಲೆ ಮೂಡಿಸಿದ ರಕ್ಷಣಾ ಪದರವನ್ನು ಕ್ಲೋರೈಡ್ ಭೇದಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಗಾತ್ರ ಆಕ್ರಮಿಸುವುದರಿಂದ ಒಳಗಿನಿಂದಲೇ ಕಾಂಕ್ರೀಟು ಒಡೆಯುತ್ತದೆ. ಆದುದರಿಂದ ಉಪ್ಪುನೀರು ನುಗ್ಗಿದ ನೆಲಮಾಳಿಗೆಯನ್ನು ಒಣಗಿಸುವ ಮುನ್ನ ಸಿಹಿನೀರಿನಿಂದ ಹಲವು ಬಾರಿ ತೊಳೆಯಬೇಕು. ಒಣಗಿಸಬೇಕಾದ ಗೋಡೆಗೆ ಮತ್ತೆ ನೀರು ಹಾಯಿಸುವುದು ವಿಚಿತ್ರವೆನಿಸಿದರೂ ಉಪ್ಪು ಆಳಕ್ಕಿಳಿದು ಹರಳುಗಟ್ಟುವ ಮೊದಲು ಅದನ್ನು ಹೊರಹಾಕಲು ಇದು ಅಗತ್ಯ. ಉಪ್ಪು ಹೀರಿದ ಹಳೆಯ ಗಾರೆಯನ್ನು ತೆಗೆದು ಹೊಸದನ್ನು ಹಾಕಬೇಕಾಗುತ್ತದೆ.

## ನೆಲದಡಿ ಜಾಗ ಮತ್ತು ಮರದ ನೆಲ

ಮರದ ತೇವಾಂಶ ಸುತ್ತಲಿನ ಗಾಳಿಯ ಆರ್ದ್ರತೆಯೊಂದಿಗೆ ಸಮತೋಲಕ್ಕೆ ಬರುತ್ತದೆ. ಶೇ. 50 ಆರ್ದ್ರತೆಯಲ್ಲಿ ಅದು ಸುಮಾರು ಶೇ. 9ರಷ್ಟಿದ್ದರೆ, ಶೇ. 85 ಆರ್ದ್ರತೆಯಲ್ಲಿ ಶೇ. 17ರಿಂದ 18ಕ್ಕೆ ಏರುತ್ತದೆ. ಮರ ಕೊಳೆಯದಂತೆ ಉಳಿಯಲು ತೇವಾಂಶ ಶೇ. 20ಕ್ಕಿಂತ ಕೆಳಗಿರಬೇಕೆಂಬುದು ಸಾಮಾನ್ಯ ಮಿತಿ. ಹೀಗೆ ಮಳೆಗಾಲದ ಕರಾವಳಿಯಲ್ಲಿ ಮರವು ಅಪಾಯದ ಅಂಚಿನಲ್ಲಿಯೇ ಇರುತ್ತದೆ. ನೆನೆದ ತೊಲೆಗಳು ತಾವಾಗಿಯೇ ಒಣಗುತ್ತವೆಂದು ಬಿಟ್ಟರೆ ಕೊಳೆತ ಮತ್ತು ಗೆದ್ದಲು ಎರಡಕ್ಕೂ ಆಸ್ಪದವಾಗುತ್ತದೆ. ಮೇಲಿನ ಹಲಗೆಗಳು ಒಣಗಿದಂತೆ ಕಂಡರೂ ಅಡಿನೆಲ ಹಸಿಯಾಗಿರಬಹುದಾದುದರಿಂದ ಅಲ್ಲಲ್ಲಿ ಹಲಗೆ ಕಳಚಿ ಪರೀಕ್ಷಿಸಬೇಕು.

ನೆಲದಡಿ ಜಾಗಕ್ಕೆ ಗಾಳಿಕಿಂಡಿ ಇಡಬೇಕೇ, ಮುಚ್ಚಬೇಕೇ ಎಂಬುದು ಬಹುಕಾಲ ಚರ್ಚೆಯ ವಿಷಯವಾಗಿತ್ತು. ಅಮೆರಿಕದ ಉತ್ತರ ಕೆರೊಲಿನಾದ ಕರಾವಳಿ ಬಯಲಿನಲ್ಲಿರುವ ಪ್ರಿನ್ಸ್‌ವಿಲ್ ಪಟ್ಟಣ 1999ರ ಫ್ಲಾಯ್ಡ್ ಚಂಡಮಾರುತದ ನೆರೆಯಲ್ಲಿ ಮುಳುಗಿತ್ತು. ಅಲ್ಲಿ ಅಡ್ವಾನ್ಸ್ಡ್ ಎನರ್ಜಿ ಸಂಸ್ಥೆ ಒಂದೇ ವಿನ್ಯಾಸದ 12 ಮನೆಗಳಲ್ಲಿ ಅಧ್ಯಯನ ನಡೆಸಿತು. ಗಾಳಿಕಿಂಡಿಗಳಿದ್ದ ನೆಲದಡಿ ಜಾಗಗಳಿಗಿಂತ, ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಕಿಂಡಿಗಳನ್ನು ಮುಚ್ಚಿದ ಜಾಗಗಳು ಬೇಸಿಗೆಯಲ್ಲಿ ಹೆಚ್ಚು ಒಣಗಿದ್ದವು. ಆರ್ದ್ರ ಬೇಸಿಗೆಯ ಹೊರಗಾಳಿ ಒಣಗಿಸುವ ಬದಲು ತೇವವನ್ನು ತರುತ್ತದೆಂಬುದನ್ನು ಈ ಅಧ್ಯಯನ ಸ್ಪಷ್ಟಪಡಿಸಿತು. ಆದರೆ ನೆರೆಯಲ್ಲಿ ನೆನೆದ ಜಾಗವನ್ನು ಪೂರ್ತಿ ಒಣಗಿಸಿದ ಮೇಲೆಯೇ ಹೀಗೆ ಮುಚ್ಚಬಹುದು. ಮೊದಲೇ ಮುಚ್ಚಿದರೆ ತೇವ ಒಳಗೆ ಸೆರೆಯಾಗುತ್ತದೆ.

## ಪರೀಕ್ಷೆ ಮತ್ತು ಪುನರ್ನಿರ್ಮಾಣ

ಪುನಃಸ್ಥಾಪನೆ ವಿಫಲವಾಗಲು ಸಾಮಾನ್ಯ ಕಾರಣ ಒಣಗುವ ಮೊದಲೇ ಮುಚ್ಚುವುದು. ಕೈಗೆ ಒಣಗಿದಂತೆ ತೋರುವ ಗೋಡೆ ಒಳಗೆ ಹಸಿಯಾಗಿರಬಹುದು. ಕಾಂಕ್ರೀಟು ಒಣಗಲು ಪ್ರತಿ 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ತಿಂಗಳು ಬೇಕೆಂಬ ಸ್ಥೂಲ ಲೆಕ್ಕವಿದೆ. ಆರ್ದ್ರ ಹವೆಯಲ್ಲಿ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ.

ಸರಳ ಪರೀಕ್ಷೆಯೊಂದರಲ್ಲಿ ಸುಮಾರು ಅರ್ಧ ಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಅಂಟುಪಟ್ಟಿಯಿಂದ ಗಾಳಿಯಾಡದಂತೆ ಅಂಟಿಸಿ ಕನಿಷ್ಠ 16 ಗಂಟೆ ಬಿಡಲಾಗುತ್ತದೆ. ಹಾಳೆಯ ಕೆಳಗೆ ಹನಿ ಕಟ್ಟಿದ್ದರೆ ಅಥವಾ ನೆಲದ ಬಣ್ಣ ಕಪ್ಪಾಗಿದ್ದರೆ ಒಳಗಿನಿಂದ ತೇವ ಇನ್ನೂ ಬರುತ್ತಿದೆ ಎಂದರ್ಥ. ಮರಕ್ಕೆ ಸೂಜಿಯಿರುವ ತೇವಮಾಪಕ ಬಳಸುತ್ತಾರೆ. ನೆರೆ ತಾಕದ ಮೇಲಂತಸ್ತಿನ ಅದೇ ಬಗೆಯ ವಸ್ತುವಿನ ಅಳತೆಯೊಂದಿಗೆ ಹೋಲಿಸುವುದು ನಂಬಲರ್ಹ ವಿಧಾನ.

ಹೊಸ ಗಾರೆ ಮತ್ತು ಬಣ್ಣ ನೀರಾವಿಯನ್ನು ಹಾಯಗೊಡುವಂತಿರಬೇಕು. ಹಳೆಯ ಮುರಕಲ್ಲಿನ ಗೋಡೆಗಳಿಗೆ ಸುಣ್ಣದ ಗಾರೆ ಮತ್ತು ಸುಣ್ಣದ ಬಣ್ಣ ಈ ಕಾರಣಕ್ಕೆ ಸೂಕ್ತ. ಎಣ್ಣೆಬಣ್ಣ, ವಿನೈಲ್ ಹಾಸು, ಗೋಡೆಹಾಳೆ ಮುಂತಾದವು ತೇವವನ್ನು ಹಿಡಿದಿಡುತ್ತವೆ. ಮುಳುಗಿದ ಸ್ವಿಚ್, ವಿದ್ಯುತ್ ಫಲಕ ಮತ್ತು ಸುರಕ್ಷತಾ ಸಾಧನಗಳನ್ನು ಒಣಗಿಸಿ ಮರುಬಳಸದೆ ಬದಲಿಸಬೇಕು.

## ಪ್ರಮುಖ ಘಟನೆಗಳು

* ನ್ಯೂಯಾರ್ಕ್, 2012: ಸ್ಯಾಂಡಿ ಚಂಡಮಾರುತದ ಉಬ್ಬರ ಸುರಂಗ ರೈಲು ವ್ಯವಸ್ಥೆಗೆ ನುಗ್ಗಿತು. ನೀರನ್ನು ಬೇಗನೆ ತೆಗೆದರೂ ಉಪ್ಪಿನಿಂದ ಹಾಳಾದ ಸೌತ್ ಫೆರಿ ನಿಲ್ದಾಣ ಮತ್ತೆ ತೆರೆದದ್ದು 2017ರಲ್ಲಿ. ಬೆಲ್‌ವ್ಯೂ ಆಸ್ಪತ್ರೆಯ ಜನರೇಟರುಗಳು 13ನೆಯ ಮಹಡಿಯಲ್ಲಿದ್ದರೂ ಇಂಧನದ ಪಂಪುಗಳು ನೆಲಮಾಳಿಗೆಯಲ್ಲಿದ್ದವು. ಅವು ಮುಳುಗಿದ್ದರಿಂದ ಸಿಬ್ಬಂದಿ ಇಂಧನವನ್ನು ಮೆಟ್ಟಿಲುಗಳ ಮೂಲಕ ಹೊತ್ತು ಸಾಗಿಸಬೇಕಾಯಿತು.
* ಪೊಹಾಂಗ್, 2022: ದಕ್ಷಿಣ ಕೊರಿಯಾದ ಈ ಕರಾವಳಿ ನಗರದಲ್ಲಿ ಹಿನ್ನಮ್ನೋರ್ ಚಂಡಮಾರುತದ ಮಳೆಯ ವೇಳೆ ವಸತಿ ಸಮುಚ್ಚಯದ ನೆಲಮಾಳಿಗೆಯಿಂದ ಕಾರುಗಳನ್ನು ಹೊರತರಲು ಇಳಿದವರಲ್ಲಿ 7 ಮಂದಿ ಮೃತಪಟ್ಟರು.
* ದೆಹಲಿ, 2024: ಕರಾವಳಿಯಲ್ಲದಿದ್ದರೂ ಭಾರತದಲ್ಲಿ ನೆಲಮಾಳಿಗೆಗಳ ಬಳಕೆಯ ಕುರಿತ ಚರ್ಚೆಗೆ ಕಾರಣವಾದ ಘಟನೆ. ಜುಲೈ 27ರಂದು ಹಳೆ ರಾಜಿಂದರ್ ನಗರದ ತರಬೇತಿ ಕೇಂದ್ರವೊಂದರ ನೆಲಮಾಳಿಗೆಯ ಗ್ರಂಥಾಲಯಕ್ಕೆ ಮಳೆನೀರು ನುಗ್ಗಿ 3 ವಿದ್ಯಾರ್ಥಿಗಳು ಸಾವನ್ನಪ್ಪಿದರು.

ಕರ್ನಾಟಕದ ಕರಾವಳಿಯಲ್ಲಿ 2018ರ ಮೇ 29ರಂದು ಮಂಗಳೂರು ಮತ್ತು 2020ರ ಸೆಪ್ಟೆಂಬರ್‌ನಲ್ಲಿ ಉಡುಪಿ ನಗರಗಳು ಭಾರೀ ಮಳೆಯಿಂದ ಜಲಾವೃತಗೊಂಡಿದ್ದವು.

## ಮುಂಜಾಗ್ರತೆ

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ನೆಲಮಾಳಿಗೆಯ ಚಾವಣಿ ಸುತ್ತಲಿನ ಸರಾಸರಿ ನೆಲಮಟ್ಟಕ್ಕಿಂತ ಕನಿಷ್ಠ 0.9 ಮೀಟರ್, ಗರಿಷ್ಠ 1.2 ಮೀಟರ್ ಮೇಲಿರಬೇಕು. ಹೊರಗಿನ ಮೇಲ್ಮೈ ನೀರು ಒಳಬರದಂತೆ ವ್ಯವಸ್ಥೆಯಿರಬೇಕು. ಗೋಡೆ ಮತ್ತು ನೆಲ ಜಲನಿರೋಧಕವಾಗಿರಬೇಕು. ಇದಲ್ಲದೆ ಕರಾವಳಿಯ ಕಟ್ಟಡಗಳಿಗೆ ಈ ಕ್ರಮಗಳು ಉಪಯುಕ್ತ:

* ವಾಹನ ಇಳಿಯುವ ದಾರಿಯ ಬಾಯಲ್ಲಿ ಎತ್ತರದ ದಿಬ್ಬ ಮತ್ತು ಅಡ್ಡ ಚರಂಡಿ.
* ಒಳಚರಂಡಿ ಕೊಳವೆಗೆ ನೀರು ಹಿಂದಕ್ಕೆ ಬಾರದಂತೆ ತಡೆಯುವ ಕವಾಟ.
* ನೆಲಮಾಳಿಗೆಯ ತಗ್ಗಿನಲ್ಲಿ ನೀರು ಸಂಗ್ರಹ ಗುಂಡಿ, ಸ್ವಯಂಚಾಲಿತ ಪಂಪು ಮತ್ತು ಪರ್ಯಾಯ ವಿದ್ಯುತ್ ವ್ಯವಸ್ಥೆ.
* ಮೀಟರ್ ಫಲಕ, ಜನರೇಟರ್ ಹಾಗೂ ಇಂಧನ ಪಂಪುಗಳನ್ನು ನೆರೆಮಟ್ಟಕ್ಕಿಂತ ಮೇಲೆ ಅಳವಡಿಸುವುದು.
* ಮಳೆಗಾಲಕ್ಕೆ ಮೊದಲು ಚರಂಡಿಗಳ ಹೂಳೆತ್ತುವುದು ಮತ್ತು ಪಂಪಿನ ಪರೀಕ್ಷೆ.
* ನೀರು ನುಗ್ಗತೊಡಗಿದಾಗ ವಾಹನ ಅಥವಾ ಸಾಮಗ್ರಿಗಾಗಿ ಯಾರೂ ಕೆಳಗಿಳಿಯದಂತೆ ನಿವಾಸಿಗಳಲ್ಲಿ ಸ್ಪಷ್ಟ ನಿಯಮ.